ಒಂದು ‘ಲಾ’ ದಾಟಿದ್ದು

ಮೊನ್ನೆ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಮಡಿಕೇರಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಕಾನ್ವೆಂಟ್ ಯೂನಿಫಾರ್ಮು ಹಾಕಿಕೊಂಡ ಪುಟ್ಟ ಹುಡುಗಿಯೊಂದು ತನ್ನ ತಮ್ಮನಿಗೆ, ‘ಎಲ್ಲಿಗ್ಲಾ ಓಡ್ತಿದ್ದೀಯ?’ ಎಂದು ಗದರಿತು. ಅದರ ಅಪ್ಪ ತಕ್ಷಣ ತಲೆಯ ಮೇಲೊಂದು ಮೊಟಕಿ, ‘ಎಣ್ಮಗ ಲಾ ಗೀ ಅನ್ಬಾರ್ದು ಅಂತ ಎಷ್ಟ್ ಸಲ ಯೋಳೋದ್ಲಾ ನಿಂಗೆ’ ಎಂದರು. ತಾನು ಏನೆಂದೆ ಎಂಬುದು ಆ ಅಪ್ಪನಿಗೆ ಗೊತ್ತೇ ಆಗಲಿಲ್ಲ. ನಾನು ನಗು ತಡೆಯಲಾರದೆ ಮುಖ ಆಚೆ ತಿರುಗಿಸಿಕೊಂಡೆ. ಬಸ್ಸು ಬಂತು, ಹತ್ತಿ ಕೂತೆ, ಆದರೆ ಆ ಲಾ ಮಾತ್ರ ಪಿರಿಯಾಪಟ್ಟಣ ದಾಟಿದರೂ ನನ್ನನ್ನು ಬಿಡಲಿಲ್ಲ.

ನಮ್ಮ ಕಡೆಯವರಲ್ಲದವರಿಗೆ ಈ ಲಾದ ಕುಲಗೋತ್ರವನ್ನು ಸ್ವಲ್ಪ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಈ ಸೀಮೆಯಲ್ಲಿ ಮಾತು ಬಂದ ಮಗು ಅಮ್ಮ, ಅಪ್ಪ ಎಂದು ಮುಗಿಸಿದ ಮೇಲೆ ಕಲಿಯುವುದೇ ಇದನ್ನು. ಬಾರ್ಲಾ, ಹೋಗ್ಲಾ, ಏನ್ಲಾ, ಕಣ್ಲಾ. ಗೆಳೆಯನಿಗೆ ಅನ್ನಬಹುದು, ತಮ್ಮನಿಗೆ ಅನ್ನಬಹುದು, ಎತ್ತಿಗೆ, ನಾಯಿಗೆ ಅನ್ನಬಹುದು, ಜಗಳ ಹತ್ತಿಕೊಂಡರೆ ಯಾರಿಗೆ ಬೇಕಾದರೂ ಅನ್ನಬಹುದು. ಇದರ ಒಡಹುಟ್ಟು ‘ಲೇ’. ಹಿರಿಯರಿಗೆ ಮಾತ್ರ ಎರಡೂ ಕೂಡದು, ಅಂದರೆ ಆವತ್ತು ಮುದ್ದೆ ಸಿಗುವುದಿಲ್ಲ. ಅಕ್ಕರೆಯೂ ಅದರಲ್ಲೇ, ಬೈಗುಳವೂ ಅದರಲ್ಲೇ, ಯಾವುದು ಯಾವುದೆಂದು ದನಿ ಕೇಳಿ ತಿಳಿದುಕೊಳ್ಳಬೇಕು.

ನನ್ನ ಬಾಯಿಯಲ್ಲಿ ಈ ಲಾ ಸ್ವಲ್ಪ ಜಾಸ್ತಿಯೇ ಇತ್ತು. ವ್ಯಾಯಾಮ ಶಿಕ್ಷಕರ ತರಬೇತಿಗೆಂದು ಮೈಸೂರಿಗೆ ಹೋದಾಗ ಹಾಸ್ಟೆಲಿನ ಹುಡುಗಿಯರು ನಾನು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದರು. ವಾರ್ಡನ್ ಮೇಡಂ ಒಂದು ದಿನ ಹತ್ತಿರ ಕೂರಿಸಿಕೊಂಡು, ‘ನೋಡಿ ರತ್ನಮ್ಮ, ಟೀಚರ್ ಆಗೋರು ನೀವು. ಈ ಲಾ ಒಂದನ್ನ ದಾಟಿಬಿಟ್ರೆ ಮುಂದೆ ನಿಮಗೇನೂ ತೊಂದರೆ ಇಲ್ಲ’ ಎಂದು ಬುದ್ಧಿ ಹೇಳಿದರು. ನಾನು ಬಹಳ ಪ್ರಯತ್ನಪಟ್ಟೆ. ಬಾಯಿ ಕಟ್ಟಲು ಬೇರೆ ದಾರಿ ಕಾಣದೆ, ಹುಣಸೂರಿನ ಹೈಸ್ಕೂಲಿನಲ್ಲಿ ಪಿ.ಟಿ. ಮಿಸ್ ಆಗಿ ಸರ್ವೀಸು ಮುಗಿಸುವವರೆಗೂ ಮಾತಿಗಿಂತ ಸೀಟಿಯನ್ನೇ ನಂಬಿಕೊಂಡಿದ್ದೆ. ಸೀಟಿಯಲ್ಲಿರುವ ಅನುಕೂಲವೆಂದರೆ ಅದನ್ನು ಎಷ್ಟು ಸಿಟ್ಟಿನಲ್ಲಿ ಊದಿದರೂ ಲಾ ಅನ್ನುವುದಿಲ್ಲ. ರತ್ನಮ್ಮ ಮಿಸ್ ಮಿತಭಾಷಿ, ಬಹಳ ಶಿಸ್ತು ಎಂದು ಊರಲ್ಲಿ ಹೆಸರಾಯಿತು. ಮಕ್ಕಳನ್ನು ಮೈದಾನ ಸುತ್ತಿಸಿದ್ದೇ ಹೊರತು ನಾನು ಸುತ್ತಿದ್ದು ಕಡಿಮೆ ಎಂಬುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ.

ನಾನು ಹುಟ್ಟಿದ ಹಳ್ಳಿ ಗುರುಪುರದ ಟಿಬೆಟನ್ ಕ್ಯಾಂಪಿನ ಅಂಚಿನಲ್ಲಿದೆ. ಬದುವಿನ ಈಚೆ ನಮ್ಮ ಹೊಗೆಸೊಪ್ಪು, ಆಚೆ ಅವರ ಮುಸುಕಿನ ಜೋಳ. ನಮ್ಮ ತಾತ ಪಟೇಲರು. ಪಟೇಲಿಕೆ ಹೋಗಿ ಎಷ್ಟೋ ಕಾಲವಾಗಿದ್ದರೂ ಅವರ ಮೀಸೆ ಅದನ್ನು ಒಪ್ಪಿಕೊಂಡಿರಲಿಲ್ಲ. ಆಚೆಯ ಹೊಲದವರ ಹೆಸರು ದೋರ್ಜೆ. ನಮ್ಮೂರಿನವರ ಕಿವಿಗೆ ಅದು ದರ್ಜಿ ಎಂದು ಬಿತ್ತು. ದರ್ಜಿ ಎಂದ ಮೇಲೆ ಬಟ್ಟೆ ಹೊಲಿಯಲೇಬೇಕಲ್ಲ. ಗುಂಡಿ ಕಿತ್ತ ಅಂಗಿ, ತೂತು ಬಿದ್ದ ಚಡ್ಡಿ, ಅಂಚು ಬಿಟ್ಟ ಲಂಗ ಹಿಡಿದುಕೊಂಡು ಜನ ಜೋಳದ ಹೊಲಕ್ಕೆ ಹೋಗತೊಡಗಿದರು. ಆಗಿನ್ನೂ ಕನ್ನಡ ಬಾರದ ದೋರ್ಜೆ, ಇದು ಈ ಸೀಮೆಯಲ್ಲಿ ಹೊಸಬರಿಗೆ ಉಡುಗೊರೆ ಕೊಡುವ ಪದ್ಧತಿ ಇರಬೇಕೆಂದುಕೊಂಡು, ಎಲ್ಲವನ್ನೂ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಒಳಗಿಡುತ್ತಿದ್ದರಂತೆ. ಆಮೇಲೆ ‘ಎಲ್ಲಿ ನನ್ ಅಂಗಿ?’ ಎಂದು ಜನ ಬಂದಾಗ ಗಾಬರಿಯಾದರು. ಕೊನೆಗೆ ಪಾಪ, ಅವರ ಹೆಂಡತಿ ಸೂಜಿ ದಾರ ಹಿಡಿದು ಕೂತರು. ಆಕೆ ಹಾಕಿದ ಗುಂಡಿ ಅಂಗಿ ಚಿಂದಿಯಾದ ಮೇಲೂ ಬೀಳುತ್ತಿರಲಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು.

ಇರಲಿ, ನಾನು ಹೇಳಹೊರಟಿದ್ದು ಗುಂಡಿಯ ವಿಷಯವಲ್ಲ. ದೋರ್ಜೆ ಅಷ್ಟಿಷ್ಟು ಕನ್ನಡ ಕಲಿತ ಹೊಸದರಲ್ಲಿ ಒಂದು ಬೆಳಿಗ್ಗೆ ಬದುವಿನ ಮೇಲೆ ತಾತ ಎದುರಾದರು. ದೋರ್ಜೆ ಸೊಂಟ ಬಗ್ಗಿಸಿ, ‘ಪಟೇಲ ಲಾ, ಊಟ ಆಯ್ತಾ ಲಾ?’ ಎಂದರು. ಟಿಬೆಟ್ಟಿನವರ ಮಾತಿನಲ್ಲಿ ಹೆಸರಿಗೊಂದು ಲಾ ಅಂಟಿಸಿದರೆ ಅದು ನಮ್ಮ ‘ಸ್ವಾಮಿ’, ‘ಬುದ್ಧಿ’ ಇದ್ದ ಹಾಗೆ. ದೊಡ್ಡವರಿಗೆ ಕೊಡುವ ಮರ್ಯಾದೆ. ಅದು ತಾತನಿಗೆ ಹೇಗೆ ಗೊತ್ತಾಗಬೇಕು.

‘ಯಾರ್ಗ್ಲಾ ಲಾ ಅಂತಿದ್ದೀಯ?’ ಎಂದು ತಾತ ಗುಡುಗಿದರು. ‘ನೆನ್ನೆ ಮೊನ್ನೆ ಬಂದೋನು ನೀನು. ನಾನೇನ್ಲಾ ನಿನ್ ಜತೆ ಗೋಲಿ ಆಡಿದ್ನಾ?’

ದೋರ್ಜೆಗೆ ಅರ್ಥವಾದದ್ದು ಲಾ ಮಾತ್ರ. ಅಷ್ಟು ದೊಡ್ಡ ಮೀಸೆಯ ಮನುಷ್ಯ ಒಂದೇ ಉಸಿರಿನಲ್ಲಿ ತನ್ನನ್ನು ಮತ್ತೆ ಮತ್ತೆ ಸ್ವಾಮಿ ಸ್ವಾಮಿ ಎಂದು ಕರೆದರಲ್ಲ ಎಂದು ಸಂಕೋಚವಾಗಿ, ಇನ್ನಷ್ಟು ಬಗ್ಗಿ, ಅವರ ಹಳಬರ ಕ್ರಮದಂತೆ ನಾಲಿಗೆ ಹೊರಗೆ ಚಾಚಿ ವಿನಯ ತೋರಿಸಿದರು.

‘ನೋಡ್ರಪ್ಪ, ನಾಲ್ಗೆ ಬೇರೆ ತೋರುಸ್ತಾನೆ,’ ಎಂದು ತಾತ ಪಂಚೆ ಎತ್ತಿ ಕಟ್ಟಿದರು.

ಸೊಪ್ಪು ಮುರಿಯುತ್ತಿದ್ದವರೆಲ್ಲ ಕೆಲಸ ಬಿಟ್ಟು ಬದುವಿಗೆ ಬಂದರು. ಅಜ್ಜಿಯ ಸೆರಗು ಹಿಡಿದುಕೊಂಡು ನಾನೂ ಬಂದೆ. ತಾತ ಬೈದಷ್ಟೂ ದೋರ್ಜೆ ಬಗ್ಗುತ್ತಿದ್ದರು, ಬಗ್ಗಿದಷ್ಟೂ ನಾಲಿಗೆ ಉದ್ದವಾಗುತ್ತಿತ್ತು. ಕ್ಯಾಂಪಿನ ಶಾಲೆಯ ಮೇಷ್ಟ್ರೊಬ್ಬರು ಸೈಕಲ್ಲಿನಲ್ಲಿ ಆ ದಾರಿಯಾಗಿ ಬರದಿದ್ದರೆ ಆವತ್ತು ಏನಾಗುತ್ತಿತ್ತೋ. ಅವರು ಇಳಿದು ಬಂದು, ಆ ಲಾ ಬೇರೆ ಈ ಲಾ ಬೇರೆ ಎಂದು ಬಿಡಿಸಿ ಹೇಳಿದರು. ತಾತ ಮೀಸೆ ನೀವಿಕೊಳ್ಳುತ್ತಾ ಯೋಚನೆ ಮಾಡಿದರು. ಆಮೇಲೆ, ‘ಅಂಗಾರೆ ಇಡೀ ಊರ್ಗೇ ನಂಗೆ ಜಾಸ್ತಿ ಮರ್ಯಾದೆ ಕೊಟ್ಟೋನು ಇವ್ನೇ ಅನ್ನಿ’ ಎಂದರು. ಅಲ್ಲಿಂದ ಸಾಯುವವರೆಗೂ ಇಬ್ಬರೂ ಒಬ್ಬರಿಗೊಬ್ಬರು ಲಾ ಎಂದೇ ಮಾತಾಡಿಕೊಂಡರು. ಯಾರು ಯಾವ ಭಾಷೆಯ ಲಾ ಅನ್ನುತ್ತಿದ್ದಾರೆಂದು ಯಾರೂ ಕೇಳಲಿಲ್ಲ.

ಜೋಳ ತೆನೆಗಟ್ಟುವ ಕಾಲದಲ್ಲಿ ದೋರ್ಜೆ, ನನ್ನ ಬಾಯಲ್ಲಿ ದೋರ್ಜೆ ತಾತ, ಗಿಳಿ ಓಡಿಸಲು ಅಟ್ಟಣೆ ಹತ್ತಿ ಕೂರುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ನಾನೂ ಹೋಗಿ ಕೂರುತ್ತಿದ್ದೆ. ಅಷ್ಟು ಹೊತ್ತಿಗೆ ಅವರ ಕನ್ನಡ ನಮ್ಮ ಕನ್ನಡವೇ ಆಗಿಹೋಗಿತ್ತು. ‘ನಮ್ಮ ಅಳ್ಳೀಲಿ ಬೆಟ್ಟ ನೆಟ್ಟಗೆ ನಿಂತದೆ ಕಣವ್ವ,’ ಎನ್ನುತ್ತಿದ್ದರು. ‘ಬೆಟ್ಟದ ಕಾಲ್ತಾವ ಬಾರ್ಲಿ ಹೊಲ. ಬಾರ್ಲಿ ಉರ್ದು ಇಟ್ ಮಾಡ್ಬುಟ್ರೆ ನಿಮ್ಮ ರಾಗಿ ಉರಿಟ್ಟು ಇದ್ದಂಗೇಯ. ಕಣದಲ್ಲಿ ಎತ್ತು ಕಟ್ಟಾಕಿಲ್ಲ, ಝೋ ಕಟ್ತೀವಿ.’ ಝೋ ಎಂದರೆ ಯಾಕ್ ಎಂಬ ಚಮರೀಮೃಗಕ್ಕೂ ಹಸುವಿಗೂ ಹುಟ್ಟಿದ್ದು, ಮೈತುಂಬ ಕೂದಲು ಎಂದು ವಿವರಿಸುತ್ತಿದ್ದರು. ಕೂದಲಿರುವ ಎತ್ತನ್ನು ನೋಡಬೇಕೆಂದು ನನಗೆ ಆಗಲೇ ಆಸೆ ಹುಟ್ಟಿತು. ‘ಕರ್ಕೊಂಡ್ ಹೋಗು’ ಎಂದು ಪೀಡಿಸುತ್ತಿದ್ದೆ. ಅವರು ನಗುತ್ತಿದ್ದರು. ಅವರಿಗೇ ಮತ್ತೆ ಆ ಹಳ್ಳಿಗೆ ಹೋಗಲು ಆಗಲಿಲ್ಲ.

ರಿಟೈರಾದ ಮೇಲೆ ಈ ಆಸೆಯನ್ನು ನಮ್ಮ ಬೀದಿಯ ಗೆಳತಿ ಜಬೀನಳ ಹತ್ತಿರ ಹೇಳಿದೆ. ಅವಳ ಮನೆಯವರದು ಮರಗೆಲಸ. ಮಂಚ, ಬೀರು ಮಾಡಿ ಮಾರುತ್ತಾರೆ, ಪಾಲಿಶ್ ಹೊಡೆಯುವುದು ಜಬೀನಳ ಕೈ. ಟಿಬೆಟ್ಟಿಗೆ ನಾವು ಹೋಗುವ ಹಾಗಿಲ್ಲ, ಆದರೆ ಅದೇ ಬಾರ್ಲಿ, ಅದೇ ಝೋ, ಅದೇ ಮನೆತನದ ಮಾತು ಇರುವ ಲಡಾಖಿನ ಹಳ್ಳಿಗಳಿಗೆ ಬೆಟ್ಟ ಹತ್ತಿ ನಡೆದುಹೋಗಬಹುದು, ಮೈಸೂರಿನ ಒಂದು ಟ್ರೆಕ್ಕಿಂಗ್ ತಂಡ ಹೊರಟಿದೆ ಎಂದೆ.

‘ನಡೀ ಕಣೇ, ಹೋಗೇಬುಡಣ,’ ಎಂದಳು ಜಬೀನ್. ‘ಪಾಲಿಶ್ ವಾಸ್ನೆ ಕುಡ್ದು ಕುಡ್ದು ನಂಗೂ ಸಾಕಾಗದೆ. ಸ್ವಲ್ಪ ಒಳ್ಳೆ ಗಾಳಿ ಕುಡಿಯಣ.’

ಅಲ್ಲಿ ಗಾಳಿಯೇ ಕಡಿಮೆ ಎಂಬುದು ಪಾಪ ಅವಳಿಗೆ ಗೊತ್ತಿರಲಿಲ್ಲ.

ನಮ್ಮ ಯಜಮಾನರು ಬೀಚನಹಳ್ಳಿಯವರು, ಕಬಿನಿ ಡ್ಯಾಮಿನಲ್ಲಿ ಕೆಲಸಕ್ಕಿದ್ದು ನಿವೃತ್ತರಾದವರು. ಎತ್ತರ ತಗ್ಗಿನ ವಿಷಯದಲ್ಲಿ ಅವರದೇ ಕೊನೆಯ ಮಾತು. ‘ಡ್ಯಾಮಿನ ಮೆಟ್ಲು ಹತ್ತೋಕೇ ಮಧ್ಯ ಮಧ್ಯ ಕೂತ್ಕೊಳ್ಳೋಳು ನೀನು,’ ಎಂದರು. ‘ಹೋಗ್ಬಾ ಬುಡು. ಹೆಂಗೂ ಅರ್ಧ ದಾರೀಲಿ ಜೀಪಲ್ಲಿ ಕೂರುಸ್ಕೊಂಡು ವಾಪಸ್ ಕರ್ಕೊಂಡ್ ಬತ್ತಾರೆ.’ ಅವರು ಹೇಳಿದ್ದು ನಗುನಗುತ್ತಲೇ. ಆದರೂ ಆ ಜೀಪು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಏನೇ ಆದರೂ ಜೀಪು ಹತ್ತಕೂಡದು ಎಂದು ಆವತ್ತೇ ತೀರ್ಮಾನಿಸಿದೆ.

ತಂಡದ ಲೀಡರ್ ಪ್ರೀತಮ್ ಎಂಬ ಯುವಕ. ಕೆಂಪು ಜಾಕೆಟ್ಟು, ಕಪ್ಪು ಕನ್ನಡಕ. ಬಾಯಿ ತೆರೆದರೆ ‘ಮ್ಯಾಮ್, ಸ್ಲೋ ಆಗಿ ಬ್ರೀದ್ ಮಾಡಿ’, ‘ಮ್ಯಾಮ್, ಹೈಡ್ರೇಟ್ ಆಗ್ತಾ ಇರಿ’. ನಡುವೆ ಎಲ್ಲೋ ಒಂದೊಂದು ಕನ್ನಡ ಇಣುಕುತ್ತಿತ್ತು. ನಾನು ಅಭ್ಯಾಸದಂತೆ, ಯಾವೂರಪ್ಪ ಎಂದು ಕೇಳಿದೆ.

‘ಮೈಸೂರ್, ಮ್ಯಾಮ್.’

‘ಮೈಸೂರಲ್ಲಿ ಎಲ್ಲಿ?’

‘ಔಟ್‌ಸ್ಕರ್ಟ್ಸ್, ಮ್ಯಾಮ್,’ ಎಂದು ಅವನು ಮುಂದೆ ಹೋಗಿಬಿಟ್ಟ.

ಮೊದಲ ದಿನದ ನಡಿಗೆಯ ಬಗ್ಗೆ ಹೆಚ್ಚು ಹೇಳದಿರುವುದೇ ನನ್ನ ಮಾನಕ್ಕೆ ಒಳ್ಳೆಯದು. ಹುಡುಗರೆಲ್ಲ ಮುಂದೆ, ನಾನೂ ಜಬೀನಳೂ ಹಿಂದೆ. ಒಂದು ತಿರುವು ಕಳೆದರೆ ಇನ್ನೊಂದು ತಿರುವು, ಉಸಿರು ಮಾತ್ರ ಹಿಂದಿನ ತಿರುವಿನಲ್ಲೇ ಉಳಿದಿರುತ್ತಿತ್ತು. ಬದುಕಿನುದ್ದಕ್ಕೂ ‘ಮೊಣಕಾಲು ಎತ್ತಿ, ಇನ್ನೂ ಎತ್ತಿ’ ಎಂದು ಮಕ್ಕಳನ್ನು ಗದರಿಸಿದವಳ ಮೊಣಕಾಲು ಆವತ್ತು ಎತ್ತಿದಲ್ಲೇ ನಿಂತು ಯೋಚಿಸುತ್ತಿತ್ತು. ನಾವು ಹಳ್ಳಿ ಸೇರಿದಾಗ ಉಳಿದವರು ಚಹಾ ಕುಡಿದು ಲೋಟ ತೊಳೆದಿಟ್ಟಿದ್ದರು.

ಹಳ್ಳಿ ಚೆನ್ನಾಗಿತ್ತು. ಸುಣ್ಣ ಬಳಿದ ಚಪ್ಪಟೆ ಮಾಡಿನ ಮನೆಗಳು, ಮಾಡಿನ ಮೇಲೆ ಹುಲ್ಲಿನ ಮೆದೆ, ಹೊಲದ ಬದಿಯಲ್ಲಿ ಸಣ್ಣ ಕಾಲುವೆಯ ನೀರು. ಬಾರ್ಲಿ ಕೊಯ್ದು ಸಿವುಡು ಕಟ್ಟಿದ್ದರು. ಆದರೆ ಅಲ್ಲಿಗೆ ಜೀಪಿನ ದಾರಿ ಬಂದುಬಿಟ್ಟಿತ್ತು, ಅದರ ಹಿಂದೆಯೇ ಒಕ್ಕಣೆ ಯಂತ್ರವೂ ಬಂದಿತ್ತು. ಕಣದಲ್ಲಿ ಝೋ ಕಟ್ಟುವುದು, ದೋರ್ಜೆ ತಾತ ಹೇಳಿದ್ದ ಅದೆಲ್ಲ ಉಳಿದಿದ್ದುದು ಬೆಟ್ಟದ ಆಚೆಗಿನ ದಾರಿ ಇಲ್ಲದ ಹಳ್ಳಿಯಲ್ಲಿ. ಅಲ್ಲಿಗೆ ಮರುದಿನ ಬೆಟ್ಟದ ನೆತ್ತಿ ದಾಟಿ ಹೋಗಬೇಕಿತ್ತು.

ನಾವು ಇಳಿದುಕೊಂಡಿದ್ದ ಮನೆಯ ಅಂಗಳದಲ್ಲಿ ಪ್ರೀತಮ್ ನನ್ನ ಎದುರು ಬಂದು ಕೂತ. ‘ಮ್ಯಾಮ್, ನಾಳೆ ಪಾಸ್ ಇದೆ. ಮಧ್ಯಾಹ್ನದ ಮೇಲೆ ಅಲ್ಲಿ ಗಾಳಿ ತುಂಬಾ ಏಳುತ್ತೆ, ಅಷ್ಟರಲ್ಲಿ ದಾಟಿರಬೇಕು. ನಿಮ್ಮಿಬ್ಬರ ಜೊತೆ ನಿಧಾನವಾಗಿ ಬರೋಕೆ ಇನ್ನೊಬ್ಬ ಗೈಡ್ ನನ್ನ ಹತ್ರ ಇಲ್ಲ. ಜೀಪಲ್ಲಿ ಸುತ್ತು ಹಾಕ್ಕೊಂಡು ಹೋಗಿ, ಟ್ರೆಕ್ ಮುಗಿಯೋ ಕಡೆ ಸಿಗ್ತೀರ.’

‘ಆಚೆ ಹಳ್ಳಿಗೆ ಜೀಪು ಹೋಗುತ್ತಾ?’

‘ಇಲ್ಲ, ಮ್ಯಾಮ್. ಅದೊಂದು ಮಿಸ್ ಆಗುತ್ತೆ.’

ಎಷ್ಟೋ ಮಕ್ಕಳನ್ನು ಪಾಸು ಮಾಡಿಸಿದ ನಾನು ಅಲ್ಲಿ ಒಂದು ಪಾಸಿಗೆ ಮುಂಚೆಯೇ ಫೇಲಾಗಿ ಕೂತಿದ್ದೆ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ನನಗೆ ಉರಿದದ್ದೂ ಅದಕ್ಕೇ. ತಪ್ಪಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರೆದುರು ಅತ್ತುಬಿಡುತ್ತೇನೆಂದು ಹೆದರಿ ಎದ್ದು ಹೊಲದ ಕಡೆ ನಡೆದೆ. ಜಬೀನ್ ಹಿಂದೆಯೇ ಬಂದಳು.

ಹೊಲದ ದಾರಿ ಒಂದು ಕಡೆ ಕಾಲುವೆಯನ್ನು ದಾಟುತ್ತಿತ್ತು. ದಾಟಲು ಒಂದೇ ಚಪ್ಪಡಿ ಕಲ್ಲು. ಆ ಕಲ್ಲಿಗೆ ಅಡ್ಡಲಾಗಿ ಮೊಟ್ಟಮೊದಲ ಬಾರಿಗೆ ನಾನು ನೋಡಿದ ಝೋ ನಿಂತಿತ್ತು. ಕಪ್ಪು ಮೈ, ಹೊಟ್ಟೆಯ ಕೆಳಗೆ ಇಳಿಬಿದ್ದ ಕೂದಲು, ಯಾರಿಗೂ ಅಂಜದ ಮುಖ. ಆಚೆ ಬದಿಯಲ್ಲಿ ಒಬ್ಬ ಅಜ್ಜಿ ಹಗ್ಗ ಜಗ್ಗಿ ಜಗ್ಗಿ ಸೋತಿದ್ದರು. ಬೇರೆ ದಿನವಾಗಿದ್ದರೆ ಎಳೆಯ ವಯಸ್ಸಿನ ಆಸೆ ಕೈಗೂಡಿತೆಂದು ಕೈಮುಗಿಯುತ್ತಿದ್ದೆನೋ ಏನೋ. ಆವತ್ತು ಎದೆಯಲ್ಲಿ ತುಂಬಿಕೊಂಡಿದ್ದ ಸಿಟ್ಟಿಗೆಲ್ಲ ಅದೇ ಸಿಕ್ಕಿತು. ಕೊರಳಲ್ಲಿ ಸೀಟಿ ಇರಲಿಲ್ಲ, ಬಾಯಿ ಬಿಟ್ಟೆ.

‘ಲೇ, ನಡೀಲೇ. ದಾರಿಗಡ್ಡ ನಿಂತ್ಕಂಡು ಏನ್ಲೇ ನೋಡ್ತಿದ್ದೀಯ? ನಿಂಗೂ ಜೀಪ್ ಬೇಕೇನ್ಲೇ? ನಡೀಲೇ ಅಂದ್ರೆ ನಡೀಬೇಕ್ಲೇ,’ ಎಂದು ನಮ್ಮಪ್ಪ ಎತ್ತಿನ ಬೆನ್ನಿಗೆ ಬಡಿಯುತ್ತಿದ್ದ ಹಾಗೆ ಅಂಗೈ ಚಾಚಿ ಒಂದು ಬಡಿದೆ.

ಝೋ ಕತ್ತು ಹೊರಳಿಸಿ ನನ್ನನ್ನೊಮ್ಮೆ ನೋಡಿತು. ಆಮೇಲೆ ತನಗೂ ಇಲ್ಲಿ ಕೆಲಸವಿಲ್ಲ ಎನ್ನುವಂತೆ ಸುಮ್ಮನೆ ಕಲ್ಲು ದಾಟಿ ನಡೆಯಿತು.

ಅಜ್ಜಿ ಹಗ್ಗ ಹಿಡಿದುಕೊಂಡೇ ಬಾಯಿ ತೆರೆದು ನಿಂತುಬಿಟ್ಟರು. ನನ್ನ ಒರಟುತನಕ್ಕೆ ಬೇಸರವಾಯಿತೇನೋ ಎಂದು ನಾನು ಕೈಮುಗಿಯುವಷ್ಟರಲ್ಲಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕು, ನನ್ನ ಎರಡೂ ಕೈ ಹಿಡಿದುಕೊಂಡು ಏನೇನೋ ಹೇಳಿದರು. ಅವರ ಹಿಂದೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದವನು ಸ್ತಾನ್‌ಜಿನ್, ನಾವು ಇಳಿದುಕೊಂಡಿದ್ದ ಮನೆಯ ಯಜಮಾನ. ಈ ಅಜ್ಜಿ ಅವನ ಅತ್ತೆಯಂತೆ. ಅವನು ಹಿಂದಿಯಲ್ಲಿ ಜಬೀನಳಿಗೆ ಹೇಳಿದ, ಜಬೀನ್ ನನಗೆ ಹೇಳಿದಳು.

‘ಝೋಗೆ ಇಷ್ಟೊಂದ್ ಮರ್ಯಾದೆ ಕೊಟ್ಟೋರ್ನ ಅಜ್ಜಿ ಇದುವರ್ಗೂ ಕಂಡಿಲ್ವಂತೆ ಕಣೇ. ನಾವೂ ಕಣದಲ್ಲಿ ಒಳ್ಳೆ ಮಾತಲ್ಲೇ ನಡುಸ್ತೀವಿ, ಆದ್ರೆ ಒಂದೊಂದ್ ಮಾತ್ಗೂ ಲೇ, ಲೇ ಅಂತ ಕರಿಯಾಕಿಲ್ಲ ಅಂತಾವ್ರೆ. ಇಲ್ಲಿ ದೊಡ್ಡೋರ್ಗೆ ಲೇ ಅನ್ಬೇಕಂತೆ. ಆಬಿ ಅಂದ್ರೆ ಅಜ್ಜಿ, ಆಬಿ-ಲೇ ಅಂದ್ರೆ ಅಜ್ಜಿಯೋರು.’

ಕ್ಯಾಂಪಿನ ಲಾ ಇಲ್ಲಿ ಲೇ ಆಗಿ ಕೂತಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

‘ನೀನು ಬೈದಿದ್ದು ಅಂತ ಹೇಳ್ಲಾ?’ ಎಂದು ಜಬೀನ್ ಪಿಸುಗುಟ್ಟಿದಳು.

‘ಬಾಯ್ ಮುಚ್ಕೊಂಡಿರು,’ ಎಂದೆ.

ಆಬಿ ನನ್ನ ಕೈ ಬಿಡದೆ ಮಾತಾಡುತ್ತಲೇ ಇದ್ದರು. ನಾಳೆ ಇದೇ ಝೋ ಹೊಡೆದುಕೊಂಡು ತಾನೂ ಸ್ತಾನ್‌ಜಿನ್ನನೂ ಬೆಟ್ಟದ ಆಚೆಗೆ ಹೋಗುವವರಂತೆ. ಅದು ಆಬಿಯ ತವರು, ತಮ್ಮನ ಮನೆಯಲ್ಲಿ ಒಕ್ಕಣೆ. ಯಂತ್ರ ಹೋಗದ ಊರಾದ್ದರಿಂದ ಈಗಲೂ ಪ್ರತಿ ಸುಗ್ಗಿಗೆ ಇಲ್ಲಿಂದ ಝೋ ಹೋಗುತ್ತದೆ. ಇಷ್ಟು ಹೇಳಿ, ನೀವು ನಾಳೆ ಬರುತ್ತೀರಲ್ಲ ಎಂದು ಕೇಳಿದರು. ಜಬೀನ್ ಜೀಪಿನ ಕಥೆಯನ್ನು ಹೇಳಿದಳು. ಆಬಿ ನನ್ನ ಮೊಣಕಾಲನ್ನು ಮುಟ್ಟಿ ನೋಡಿ, ತಮ್ಮ ಮೊಣಕಾಲನ್ನೂ ಮುಟ್ಟಿ ತೋರಿಸಿದರು. ತಾನೂ ನಿಧಾನವೇ, ತನ್ನ ಜತೆ ಬರಲಿ ಎಂದರಂತೆ.

ಪ್ರೀತಮ್ ಒಪ್ಪಲಿಲ್ಲ. ರಿಸ್ಕ್ ಮ್ಯಾಮ್, ನನ್ನ ರೆಸ್ಪಾನ್ಸಿಬಿಲಿಟಿ ಮ್ಯಾಮ್ ಎಂದ. ಸ್ತಾನ್‌ಜಿನ್, ನಸುಕಿನಲ್ಲೇ ಹೊರಡುತ್ತೇವೆ, ಗಾಳಿ ಏಳುವ ಮುಂಚೆ ದಾಟುತ್ತೇವೆ, ಕುದುರೆಯೊಂದು ಜತೆಗಿರುತ್ತದೆ ಎಂದ. ಆದರೂ ಪ್ರೀತಮ್ ಬೇಡವೆಂದು ತಲೆಯಾಡಿಸುತ್ತಲೇ ಇದ್ದ. ಆಗ ಆಬಿ ಎದ್ದು ಹೋಗಿ ಅವನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ನೋನೋ-ಲೇ, ಅಂದರೆ ತಮ್ಮಯ್ಯನವರೇ ಎಂದು ಮಾತು ಶುರುಮಾಡಿದರು. ಅವನ ಕೈಗೊಂದು ಬೆಣ್ಣೆ ಚಹಾದ ಬಟ್ಟಲು ಕೊಟ್ಟರು. ಒಂದು ಗುಟುಕು ಕುಡಿದರೆ ತುಂಬಿಸುವುದು, ಮತ್ತೊಂದು ಗುಟುಕು ಕುಡಿದರೆ ಮತ್ತೆ ತುಂಬಿಸುವುದು. ಆ ಚಹಾ ಮುಗಿಯುವುದಿಲ್ಲವೆಂದು ಅರಿವಾದ ಮೇಲೆ ಪ್ರೀತಮ್ ನನ್ನ ಕಡೆ ತಿರುಗಿ, ‘ಓಕೆ ಮ್ಯಾಮ್. ಆದರೆ ತಲೆನೋವು, ವಾಂತಿ ಏನೇ ಬಂದರೂ ಅಲ್ಲಿಂದಲೇ ವಾಪಸ್’ ಎಂದ. ಒಪ್ಪಿಕೊಂಡೆ.

ಆಬಿಯ ನಡಿಗೆಯನ್ನು ನಮ್ಮ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹೆಜ್ಜೆ ಚಿಕ್ಕದು, ಆತುರವಿಲ್ಲ, ನಿಲ್ಲುವುದೂ ಇಲ್ಲ. ಮುಂದೆ ಆಬಿ, ಅವರ ಹಿಂದೆ ಝೋ, ಝೋ ಹಿಂದೆ ನಾನು, ನನ್ನ ಹಿಂದೆ ಜಬೀನ್, ಕೊನೆಯಲ್ಲಿ ಸ್ತಾನ್‌ಜಿನ್ ಮತ್ತು ಕುದುರೆ. ತಂಡದ ಹುಡುಗರು ಬಿಸಿಲು ಬಂದ ಮೇಲೆ ಹಿಂದಿನಿಂದ ಬಂದು, ಜುಲೇ ಜುಲೇ ಎಂದು ಅಲ್ಲಿಯ ನಮಸ್ಕಾರ ಕೂಗುತ್ತಾ ನಮ್ಮನ್ನು ದಾಟಿಕೊಂಡು ಹೋದರು. ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಝೋ ನಿಂತಾಗ ‘ನಡೀಲೇ’ ಎನ್ನುತ್ತಿದ್ದೆ. ನಾನು ನಿಂತಾಗ ಆಬಿ ಹಿಂತಿರುಗಿ ಅದೇ ದನಿಯಲ್ಲಿ ‘ನಡೀಲೇ’ ಎನ್ನುತ್ತಿದ್ದರು. ಅವರು ಕಲಿತ ಮೊದಲ ಕನ್ನಡ ಮಾತು ಅದು. ಮರ್ಯಾದೆಯ ಮಾತೆಂದು ಕಲಿತದ್ದು.

ಅರ್ಧ ಏರಿದ ಮೇಲೆ ಒಂದು ಬಂಡೆಯ ಮರೆಯಲ್ಲಿ ಕೂತೆವು. ಆಬಿ ಚೀಲದಿಂದ ಕಂದು ಹಿಟ್ಟು ತೆಗೆದು, ಬೆಣ್ಣೆ ಚಹಾ ಹಾಕಿ ಬೆರಳಲ್ಲೇ ಕಲಸಿ, ಮುಷ್ಟಿಯಲ್ಲಿ ಒತ್ತಿ ಒಂದು ಉಂಡೆ ನನ್ನ ಕೈಗಿಟ್ಟರು. ಬಾಯಿಗೆ ಹಾಕಿಕೊಂಡೆ. ಹುರಿದ ಕಾಳಿನ ಅದೇ ಘಮ, ನಾಲಿಗೆಗೆ ಅದೇ ತರಿತರಿ. ‘ನಮ್ ಉರಿಟ್ಟೇ ಕಣೇ ಇದು,’ ಎಂದು ಜಬೀನಳಿಗೆ ಹೇಳಿದೆ. ದೋರ್ಜೆ ತಾತ ಸುಳ್ಳು ಹೇಳಿರಲಿಲ್ಲ. ಅಟ್ಟಣೆಯ ಮೇಲೆ ಕೂತು ಗಿಳಿ ಓಡಿಸುತ್ತಾ ಆ ಮನುಷ್ಯ ಈ ಘಮವನ್ನು ನೆನೆಸಿಕೊಳ್ಳುತ್ತಿದ್ದರು. ಅವರ ಬದಲು ನಾನು ತಿನ್ನುತ್ತಿದ್ದೇನೆ ಎನಿಸಿ ಇನ್ನೊಂದು ಉಂಡೆ ಕೇಳಿ ತೆಗೆದುಕೊಂಡೆ.

ಅಲ್ಲಿಂದ ಮೇಲೆ ದಾರಿ ಬಹಳ ಕಡಿದು. ಹಿಂದೆ ಜಬೀನ್ ತಗ್ಗಿದ ದನಿಯಲ್ಲಿ ಅಲ್ಲಾನನ್ನು ಕರೆಯುತ್ತಿದ್ದಳು, ನಾನು ಶಿವನನ್ನು. ಇಬ್ಬರ ಉಸಿರೂ ಒಂದೇ ಲಯಕ್ಕೆ ಬಂದಿತ್ತು. ಇನ್ನೂ ಎಷ್ಟು ದೂರ ಎಂದು ಕೇಳಿದಾಗ ಸ್ತಾನ್‌ಜಿನ್ ಮೇಲೆ ಬಾವುಟಗಳು ಅಲುಗುತ್ತಿದ್ದ ಜಾಗಕ್ಕೆ ಕೈ ತೋರಿಸಿ, ‘ಲಾ’ ಎಂದ.

‘ಯಾರ್ಗೆ ಲಾ ಅಂದ ಅವ್ನು?’ ಎಂದೆ. ಸುಸ್ತಿಗೆ ನನಗೆ ತಾತನ ಸಿಟ್ಟೇ ಬಂದಿತ್ತು.

ಜಬೀನ್ ವಿಚಾರಿಸಿ, ಒಂದೊಂದೇ ಮಾತಿಗೆ ಉಸಿರೆಳೆದುಕೊಳ್ಳುತ್ತಾ ಹೇಳಿದಳು. ‘ಬೆಟ್ಟದ ನೆತ್ತಿ... ದಾಟೋ ಜಾಗ... ಅದ್ಕೆ ಇವ್ರ ಮಾತಲ್ಲಿ... ಲಾ ಅಂತಾರಂತೆ.’

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಈ ಲಾ ಒಂದನ್ನ ದಾಟಿಬಿಟ್ರೆ ಮುಂದೆ ತೊಂದರೆ ಇಲ್ಲ ಎಂದು ವಾರ್ಡನ್ ಮೇಡಂ ಹೇಳಿದ್ದು ಇದನ್ನೇ ಇರಬೇಕು, ನಾನು ತಪ್ಪು ತಿಳಿದುಕೊಂಡು ಸುಮ್ಮನೆ ಸೀಟಿ ಊದಿದೆ. ನಗಲು ಗಾಳಿ ಸಾಲದೆ ನಗು ಕೆಮ್ಮಾಯಿತು. ಆಬಿ ಮೇಲಿನಿಂದ ‘ನಡೀಲೇ’ ಎಂದರು. ಎದ್ದೆ.

ಆಮೇಲೆ ಹತ್ತಿದ್ದು ನನಗೆ ಸರಿಯಾಗಿ ನೆನಪಿಲ್ಲ. ಎದುರಿಗೆ ಝೋವಿನ ಬಾಲ ಕಾಣುತ್ತಿತ್ತು, ಅದಷ್ಟನ್ನೇ ನೋಡುತ್ತಿದ್ದೆ. ಬಾಲ ಇದ್ದಕ್ಕಿದ್ದಂತೆ ನಿಂತಿತು. ತಲೆ ಎತ್ತಿದರೆ ಮುಂದೆ ಹತ್ತಲು ಏನೂ ಉಳಿದಿರಲಿಲ್ಲ. ಕಲ್ಲಿನ ಗುಡ್ಡೆ, ಅದರ ಮೇಲೆ ಪಟಪಟ ಹೊಡೆದುಕೊಳ್ಳುವ ಬಣ್ಣದ ಬಾವುಟಗಳು, ಸುತ್ತ ಬರೀ ಆಕಾಶ. ಆಬಿ ಎರಡೂ ಕೈ ಮೇಲೆತ್ತಿ, ‘ಕಿ ಕಿ ಸೋ ಸೋ, ಲ್ಹಾ ಗ್ಯಲೋ’ ಎಂದು ಕೂಗಿದರು. ದೇವರಿಗೆ ಜಯ ಎಂದು ಅದರ ಅರ್ಥವಂತೆ, ನೆತ್ತಿ ಮುಟ್ಟಿದವರೆಲ್ಲ ಕೂಗಲೇಬೇಕಂತೆ. ಜಬೀನ್ ಕೂಗಿದಳು. ಆಬಿ ನನ್ನನ್ನು ಅಂಚಿಗೆ ಕರೆದುಕೊಂಡು ಹೋಗಿ ಭುಜ ತಟ್ಟಿದರು, ಈಗ ನೀನು ಎಂಬಂತೆ.

ಅಂಚಿನಿಂದ ಕೆಳಗೆ ನೋಡಿದೆ. ನೆಟ್ಟಗೆ ನಿಂತ ಬೆಟ್ಟ, ಅದರ ಕಾಲ ಬಳಿ ಅಂಗೈ ಅಗಲದ ಹಳದಿ ಹೊಲಗಳು, ಬಿಳಿಯ ಮನೆಗಳು. ಒಂದು ಕಡೆ ದುಂಡನೆಯ ಕಣ ಕೂಡ ಕಾಣುತ್ತಿತ್ತು. ನಮ್ಮ ತಂಡ ಆಗಲೇ ಕೆಳಗಿಳಿದಿತ್ತು. ಒಂದು ಕೆಂಪು ಜಾಕೆಟ್ಟು ಮಾತ್ರ ಮತ್ತೆ ಮೇಲಕ್ಕೆ ಹತ್ತಿ ಬರುತ್ತಿತ್ತು. ಹೆಂಗಸರಿಬ್ಬರು ಏನಾದರೋ ಎಂದು ಪ್ರೀತಮ್ ನೋಡಲು ಬರುತ್ತಿದ್ದ. ನನಗೆ ಸಂತೋಷ ತಡೆಯಲಾಗಲಿಲ್ಲ. ಸರ್ವೀಸಿನ ಉದ್ದಕ್ಕೂ ನುಂಗಿಟ್ಟುಕೊಂಡಿದ್ದ ದನಿಯೆಲ್ಲ ಒಟ್ಟಿಗೆ ಹೊರಗೆ ಬಂತು.

‘ಲೇ ಪ್ರೀತಮಾ, ಬಂದ್ವಿ ಕಣ್ಲಾ. ದಾಟ್ಬುಟ್ವಿ ಕಣ್ಲಾ,’ ಎಂದು ಕೂಗಿದೆ.

ಲಾ, ಲಾ, ಲಾ ಎಂದು ಎದುರಿನ ಬೆಟ್ಟ ಹೇಳಿತು. ಕೆಂಪು ಜಾಕೆಟ್ಟು ನಿಂತಿತು. ಅಷ್ಟು ದೊಡ್ಡ ಲೀಡರನ್ನು ಎಲ್ಲರೆದುರು ಲಾ ಎಂದುಬಿಟ್ಟೆನಲ್ಲ ಎಂದು ನಾನು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಕೆಳಗಿನಿಂದ ದನಿ ಬಂತು.

‘ಬಂದ್ಬುಟ್ರಾ ಅವ್ವೋ... ನಿಧಾನ್ಕೆ ಇಳೀರವ್ವೋ... ಕಾಯ್ತಾ ನಿಂತಿವ್ನಿ ಕಣವ್ವೋ...’

ಜಬೀನ್ ನನ್ನ ಮುಖ ನೋಡಿದಳು. ‘ಮ್ಯಾಮ್ ಎಲ್ಲೋಯ್ತೇ ಇವ್ನದು?’ ಎಂದಳು.

ಹತ್ತಿರ ಬಂದಾಗ ಅವನ ಮುಖ ಜಾಕೆಟ್ಟಿನಷ್ಟೇ ಕೆಂಪಾಗಿತ್ತು. ಬಿಸಿನೀರಿನ ಫ್ಲಾಸ್ಕು ಕೊಡುತ್ತಾ, ನಾನು ಕೇಳುವ ಮೊದಲೇ, ‘ಕೆ.ಆರ್. ನಗರದ ಪಕ್ಕ ಅಳ್ಳಿ ಕಣ್ ಮಿಸ್. ಟ್ರೆಕ್ ಕಂಪ್ನೀಲಿ ಆ ಭಾಷೆ ಆಡಿದ್ರೆ ನಗ್ತಾರೆ ಅಂತ ಬುಟ್ಬುಟ್ಟಿದ್ದೆ’ ಎಂದ. ನಾನು ಅವನ ಬೆನ್ನು ತಟ್ಟಿದೆ. ಇಳಿಯುವಾಗ ಉದ್ದಕ್ಕೂ ಅವನು ತನ್ನ ಅಜ್ಜಿ, ಅವರ ಎತ್ತಿನ ಜೋಡಿ, ಗದ್ದೆ ಬಯಲಿನ ಕಣದ ವಿಷಯ ಮಾತಾಡಿದ. ಹೈಡ್ರೇಟ್ ಆಗಿ ಎಂದು ಒಮ್ಮೆಯೂ ಹೇಳಲಿಲ್ಲ.

ಆಬಿಯ ತಮ್ಮನ ಕಣದಲ್ಲಿ ಬಾರ್ಲಿ ಹರವಿ, ನಡುವೆ ಗೂಟ ನೆಟ್ಟು ಕಾಯುತ್ತಿದ್ದರು. ನಮ್ಮ ಝೋವನ್ನು ಇನ್ನೆರಡು ಝೋಗಳ ಜತೆ ಕಟ್ಟಿ, ಅದರ ಪಕ್ಕಕ್ಕೆ ಕತ್ತೆಗಳನ್ನೂ ಸೇರಿಸಿದರು. ಆಬಿ ಹಗ್ಗವನ್ನು ತಂದು ನನ್ನ ಕೈಗೇ ಕೊಟ್ಟರು. ನಾನು ಶೂ ಬಿಚ್ಚಿ ಕಣಕ್ಕಿಳಿದೆ. ಅಂಗಾಲಿಗೆ ತೆನೆ ಚುಚ್ಚಿದ ಕೂಡಲೇ ಮೊಣಕಾಲು ತನ್ನ ದೂರನ್ನೆಲ್ಲ ಮರೆತಿತು. ಎರಡು ಸುತ್ತು ಬರುವಷ್ಟರಲ್ಲಿ ಪ್ರೀತಮ್ ಕೂಡ ಪ್ಯಾಂಟು ಮಡಿಸಿಕೊಂಡು ಬಂದು ಹೊರಗಡೆಯ ಕತ್ತೆಯ ಹಿಂದೆ ನಿಂತ. ನಾನು ‘ನಡೀಲಾ ನನ್ನಪ್ಪ, ನಡೀಲೇ’ ಎಂದರೆ ಅವನು ‘ತಿರುಗ್ಲಾ, ಒಳೀಕ್ ತಿರುಗ್ಲಾ, ಎತ್ಲಾಗ್ ಓಯ್ತಿದ್ದೀಯ್ಲಾ’ ಎನ್ನುತ್ತಿದ್ದ. ಕಣದ ಗೋಡೆಯ ಮೇಲೆ ಊರಿನವರೆಲ್ಲ ಬಂದು ಕೂತರು. ಕತ್ತೆಗೂ ಬಿಡದೆ ಗೌರವ ಕೊಡುವ ನಮ್ಮನ್ನು ಅವರು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ಆಬಿ ನಡುವೆ ನಿಂತು, ಇವರನ್ನು ಕರೆತಂದವಳು ನಾನೇ ಎಂದು ಎದೆ ಮುಟ್ಟಿಕೊಂಡು ಹೇಳುತ್ತಿದ್ದರು.

ತಲೆತುಂಬ ಹೊಟ್ಟು ಹಾರಿಸಿಕೊಂಡಿದ್ದ ಜಬೀನ್ ಗೋಡೆಯ ಹತ್ತಿರದಿಂದ ಕೂಗಿದಳು. ‘ಇಂಥ ಮರ್ಯಾದಸ್ಥರು ಯಾವೂರೋರು ಅಂತ ಎಲ್ಲಾ ಕೇಳ್ತಾವ್ರೆ ಕಣೇ. ಏನಂತ ಹೇಳ್ಲಿ?’

‘ಹುಣಸೂರು ಅನ್ನು,’ ಎಂದೆ.

‘ಕೆ.ಆರ್. ನಗರಾನೂ ಸೇರ್ಸಿ,’ ಎಂದು ಪ್ರೀತಮ್ ಕತ್ತೆಯ ಹಿಂದಿನಿಂದಲೇ ಹೇಳಿದ.

ಜಬೀನ್ ಎರಡನ್ನೂ ಹೇಳಿದಳು. ಆಬಿ ಆ ಹೆಸರುಗಳನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿ, ಕಣದ ಕಡೆ ಕೈಮುಗಿದು, ಗೋಡೆಯ ಮೇಲಿದ್ದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದರು: ‘ಉಣ್ಸೂರ್-ಲೇ. ಕೇಯಾರ್ನಗರ್-ಲೇ.’